ಅವರಿಗೆ ಅಭ್ಯಾಸವಾಗಿದೆ ಬಿಡಿ

ಕಳೆದ ವರ್ಷ ನಮ್ಮ ಅಡಿಗೆಮನೆಯನ್ನು ರಿಪೇರಿ ಮಾಡಿಸಿದೆವು. ವಯಸ್ಸು ಐವತ್ತೆಂಟು ದಾಟಿತ್ತು, ನನ್ನ ಸೊಂಟ ನನ್ನ ಮಾತು ಕೇಳುವುದನ್ನು ನಿಲ್ಲಿಸಿತ್ತು. ಬಂದ ಬಡಗಿ ಬಲು ಜಾಣ. ನನ್ನನ್ನು ಒಲೆಯ ಮುಂದೆ ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ನೆಲದಿಂದ ಮೊಣಕೈವರೆಗೆ ಟೇಪು ಹಿಡಿದು ಅಳೆದ. "ಕಟ್ಟೆ ಎರಡಂಗುಲ ಏರಿಸಿದ್ರೆ ನಿಮಗೆ ಬೆನ್ನು ನೋವು ಬರೋಲ್ಲ ಅಮ್ಮ" ಎಂದ. ನಾನು ಹಿಗ್ಗಿಹೋದೆ. ಮೂವತ್ತೈದು ವರ್ಷ ಸಂಸಾರ ಮಾಡಿದ್ದಕ್ಕೆ ಕೊನೆಗೂ ಒಬ್ಬರು ನನ್ನ ಮೊಣಕೈಯ ಎತ್ತರವನ್ನು ಕೇಳಿದರಲ್ಲ!

ಅದೇ ವಾರ ನಮ್ಮ ಮನೆಯ ಕಸಮುಸುರೆಗೆ ಬರುವಾಕೆ ಒಂದು ವಿಚಿತ್ರ ಪೊರಕೆ ಹಿಡಿದುಕೊಂಡು ಬಂದಳು. ಮನೆಯಲ್ಲಿದ್ದ ಮಾಮೂಲಿ ಹುಲ್ಲಿನ ಪೊರಕೆಯ ಹಿಡಿಗೆ ಮೂರಡಿಯ ಬಿದಿರು ಕೋಲು ಸೇರಿಸಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದ್ದಳು. ನಿಂತುಕೊಂಡೇ ಗುಡಿಸತೊಡಗಿದಳು. ನನಗೆ ಸಿಟ್ಟು ಬಂತು. ಏಕೆ ಬಂತೆಂದು ಆಗ ಯೋಚಿಸಲಿಲ್ಲ. "ಇದೇನೇ ಇದು ಬೀದಿ ಗುಡಿಸೋ ಹಾಗೆ? ಬಗ್ಗಿ ಗುಡಿಸಿದ್ರೇನೇ ಮೂಲೆ ಕಸ ಕಾಣೋದು" ಎಂದೆ. ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿ, "ಆರು ಮನೆ ಬಗ್ಗಿ ಗುಡಿಸ್ತೀನಮ್ಮ. ರಾತ್ರಿ ನೆಟ್ಟಗೆ ಮಲಗೋಕಾಗಲ್ಲ, ಮುದುರಿಕೊಂಡೇ ಮಲಗ್ತೀನಿ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಹಾಲು ಒಡೆಯಿತು ಎನ್ನುವಷ್ಟೇ ಸಹಜವಾಗಿ ಹೇಳಿದಳು.

ಸಂಜೆ ಈ ಸಂಗತಿಯನ್ನು ನಮ್ಮ ಬೀದಿಯ ಗೆಳತಿಯರ ಮುಂದೆ ಹೇಳಿದೆ. ಸುಶಿಕ್ಷಿತರು, ದಾನಧರ್ಮದಲ್ಲಿ ಹಿಂದೆ ಬೀಳದವರು. ಅವರಲ್ಲೊಬ್ಬರು ಸಮಾಧಾನದ ದನಿಯಲ್ಲಿ, "ನಮಗಾದ್ರೆ ಕಷ್ಟ. ಅವರಿಗೆ ಅಭ್ಯಾಸವಾಗಿದೆ ಬಿಡಿ" ಎಂದರು.

ಈ ಒಂದು ವಾಕ್ಯದ ಮೇಲೆ ನನಗೆ ಜಗಳವಿದೆ. ಈ ಪ್ರಬಂಧ ಆ ಜಗಳವೇ.

ಈ ವಾಕ್ಯವನ್ನು ನಾನು ಮೊದಲ ಸಲ ಕೇಳಿದ್ದು ನನ್ನ ಅಮ್ಮನ ವಿಷಯದಲ್ಲಿ. ತಿಪಟೂರಿನ ಕಡೆಯ ಹಳ್ಳಿ ನಮ್ಮದು. ತೆಂಗಿನ ಗರಿ, ಮಟ್ಟೆ, ಕರಟ, ಇವೇ ಸೌದೆ. ಮಳೆಗಾಲದಲ್ಲಿ ಹಸಿ ಮಟ್ಟೆ ಹೊಗೆಯಾಡುತ್ತಿತ್ತೇ ಹೊರತು ಉರಿಯುತ್ತಿರಲಿಲ್ಲ. ಅಮ್ಮ ಊದುಕೊಳವೆ ಹಿಡಿದು ಊದಿ ಊದಿ ಕಣ್ಣು ಕೆಂಡ ಮಾಡಿಕೊಂಡು ಹಿತ್ತಿಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಹೊರಗೆ ಜಗುಲಿಯಲ್ಲಿ ಕೂತ ನೆಂಟರೊಬ್ಬರು ಒಮ್ಮೆ ಅವಳ ಕೆಮ್ಮು ಕೇಳಿ ವಿಚಾರಿಸಿದಾಗ ನನ್ನ ಅಪ್ಪ ಹೇಳಿದ ಉತ್ತರ ಇದೇ: "ಹೊಗೆ ತಾನೆ, ಅವಳಿಗೆ ಅಭ್ಯಾಸವಾಗಿದೆ." ಅಪ್ಪ ಕೆಟ್ಟವರಲ್ಲ. ಅಮ್ಮನಿಗೆ ಜ್ವರ ಬಂದರೆ ರಾತ್ರಿಯೆಲ್ಲ ನಿದ್ದೆಗೆಡುತ್ತಿದ್ದರು. ಆದರೆ ಜ್ವರ ಕಾಯಿಲೆ, ಹೊಗೆ ಸಂಸಾರ. ಈ ಭೇದ ಅವರಿಗೆ ಸ್ವತಃಸಿದ್ಧವಾಗಿತ್ತು.

ಇವತ್ತು ಆ ಹೊಗೆಯ ಲೆಕ್ಕ ಸಿಗುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇಷ್ಟು ಜನರಿಗೂ ಹೊಗೆ ಅಭ್ಯಾಸವಾಗಿತ್ತು!

1980ರ ದಶಕದ ಕೊನೆಯಲ್ಲಿ ನಮ್ಮ ಹಳ್ಳಿಗೂ ಹೊಗೆರಹಿತ ಒಲೆಯ ಯೋಜನೆ ಬಂತು. ಒಬ್ಬ ಮೇಸ್ತ್ರಿ, ಜೊತೆಗೊಬ್ಬ ಗುಮಾಸ್ತ. ಜಗುಲಿಯಲ್ಲಿ ಅಪ್ಪನ ಜೊತೆ ಮಾತಾಡಿದರು, ಕಾಫಿ ಕುಡಿದರು, ಅಪ್ಪನ ಸಹಿ ಹಾಕಿಸಿಕೊಂಡರು. ಅರ್ಧ ದಿನದಲ್ಲಿ ಮಣ್ಣಿನ ಒಲೆ, ಸಿಮೆಂಟಿನ ಕೊಳವೆ ಎದ್ದವು. ಅಮ್ಮ ಒಳಗಿನ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ, "ಕಲಸೋಕೆ ನೀರು ಕೊಡ್ತೀರಾ?"

ಒಲೆಯ ಕಣ್ಣುಗಳು ಚಿಕ್ಕವು. ನಮ್ಮ ಮುದ್ದೆ ಮಡಕೆ ಅದರ ಮೇಲೆ ಕೂರಲಿಲ್ಲ, ತೇಲಿತು. ಮುದ್ದೆ ಮಾಡುವವರಿಗೆ ಗೊತ್ತು: ಹಿಟ್ಟು ತೊಳಸುವಾಗ ಮಡಕೆ ಅಲುಗಬಾರದು, ಕವೆಗೋಲಿನಿಂದ ಒತ್ತಿ ಹಿಡಿದು ಮೈಭಾರವನ್ನೆಲ್ಲ ಕೋಲಿನ ಮೇಲೆ ಹಾಕಬೇಕು. ಮೂರನೇ ದಿನ ಒಲೆಯ ಅಂಚು ಬಿರಿಯಿತು. ಅಮ್ಮ ಹಳೆಯ ಮೂರು ಕಲ್ಲುಗಳನ್ನು ಹಿತ್ತಿಲಿನಿಂದ ತಂದಿಟ್ಟುಕೊಂಡಳು. ಹೊಸ ಒಲೆಯ ಮೇಲೆ ಬೆಕ್ಕು ಮರಿ ಹಾಕಿತು. ಮುಂದಿನ ಸಲ ತಪಾಸಣೆಗೆ ಬಂದವರು ಅದನ್ನು ನೋಡಿ, "ಹಳ್ಳಿ ಹೆಂಗಸರು ಹೊಸದನ್ನು ಒಪ್ಪೋದೇ ಇಲ್ಲ" ಎಂದು ತಲೆಯಾಡಿಸಿದರು. ತಪ್ಪು ಒಲೆಯದಾಗಲಿಲ್ಲ, ಮೇಸ್ತ್ರಿಯದಾಗಲಿಲ್ಲ, ಅಮ್ಮನದಾಯಿತು.

1980ರ ದಶಕದಲ್ಲಿ ಶುರುವಾಗಿ 2002ರಲ್ಲಿ ಕೇಂದ್ರದ ಕೈಬಿಟ್ಟ ಆ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಒಲೆಗಳು ಲೆಕ್ಕಕ್ಕೆ ಸೇರಿದವು. ಎಷ್ಟು ಹಾಕಿದರು ಎಂಬುದು ಕಡತದಲ್ಲಿ ಸಿಗುತ್ತದೆ. ಎಷ್ಟು ಒಲೆಗಳ ಮೇಲೆ ಬೆಕ್ಕು ಮರಿ ಹಾಕಿತು ಎಂಬುದಕ್ಕೆ ಕಡತದಲ್ಲಿ ಕಾಲಂ ಇರಲಿಲ್ಲವೆಂದು ಕಾಣುತ್ತದೆ.

ಹಳ್ಳಿ ಹೆಂಗಸರು ಹೊಸದನ್ನು ಒಪ್ಪುವುದಿಲ್ಲ ಎಂಬ ಮಾತು ಎಂಥ ಸುಳ್ಳು ನೋಡಿ! ನನ್ನ ಬಾಲ್ಯದಲ್ಲಿ ಬಾವಿಯಿಂದ ನೀರು ತರುತ್ತಿದ್ದುದು ತಾಮ್ರದ, ಹಿತ್ತಾಳೆಯ ಕೊಡಗಳಲ್ಲಿ, ಬಡವರಾದರೆ ಮಣ್ಣಿನ ಕೊಡಗಳಲ್ಲಿ. ಕೊಡದ ಭಾರವೇ ಒಂದು ಭಾರ, ನೀರಿನದು ಇನ್ನೊಂದು. ಮುಂದೆ ಪ್ಲಾಸ್ಟಿಕ್ ಕೊಡ ಬಂತು. ಅದಕ್ಕೆ ಯಾವ ಮಂತ್ರಿಯೂ ಉದ್ಘಾಟನೆ ಮಾಡಲಿಲ್ಲ, ಯಾವ ಅಧಿಕಾರಿಯೂ ಮನೆಮನೆಗೆ ಬಂದು ತಿಳುವಳಿಕೆ ಹೇಳಲಿಲ್ಲ. ಸಂತೆಯಲ್ಲಿ ಹಳೆಬಟ್ಟೆಗೂ ತಲೆಗೂದಲಿಗೂ ಬದಲಾಗಿ ಸಿಗತೊಡಗಿದ ಕೊಡ, ಕೆಲವೇ ವರ್ಷಗಳಲ್ಲಿ ಊರ ಹೆಂಗಸರೆಲ್ಲರ ಸೊಂಟ ಏರಿತು. ನೀರು ತಣ್ಣಗಿರುವುದಿಲ್ಲ ಎಂದು ಮುದುಕಿಯರು ಗೊಣಗಿದರು. ಗೊಣಗುತ್ತಲೇ ತಾವೂ ಒಂದು ಕೊಂಡರು. ಪ್ರೆಷರ್ ಕುಕ್ಕರ್, ಹವಾಯಿ ಚಪ್ಪಲಿ, ಮಿಕ್ಸಿ, ಮೊಬೈಲು ಯಾವುದನ್ನು ಬೇಡವೆಂದರು? ನಿಜವಾಗಿ ಭಾರ ಇಳಿಸುವ ವಸ್ತುವನ್ನು ಗುರುತಿಸಲು ಹೊತ್ತವಳಿಗೆ ಒಂದು ನಿಮಿಷ ಸಾಕು. ಅವಳು ಬೇಡವೆಂದರೆ ಅವಳ ಅಜ್ಞಾನವನ್ನು ಹುಡುಕುವ ಮೊದಲು ವಸ್ತುವಿನ ದೋಷವನ್ನು ಹುಡುಕಬೇಕು.

ಹಾಗೆ ಹುಡುಕಿದವರೂ ನಮ್ಮಲ್ಲೇ ಇದ್ದರು; ಅದನ್ನು ಹೇಳದಿದ್ದರೆ ನನ್ನ ಜಗಳ ಏಕಪಕ್ಷೀಯವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ವಿಭಾಗವನ್ನು ಕಟ್ಟಿದರು. ಹಳ್ಳಿಗೆ ಒದಗುವ ತಂತ್ರಜ್ಞಾನವೇ ಅದರ ಕೆಲಸ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು, ಸುತ್ತಲಿನ ಹಳ್ಳಿಗಳಲ್ಲಿ ಯಾರು ಎಷ್ಟು ಹೊತ್ತು ಏನು ಕೆಲಸ ಮಾಡುತ್ತಾರೆಂದು ಕೂತು ಲೆಕ್ಕ ಹಾಕಿದರು. ಸೌದೆ ತರುವುದು, ನೀರು ಹೊರುವುದು, ಅಡಿಗೆ, ದನ ಮೇಯಿಸುವುದು, ಹೊಲದ ಕೆಲಸ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಾಗ ಪುರ ಎಂಬ ಹಳ್ಳಿಯಲ್ಲಿ ಮನುಷ್ಯರ ದುಡಿಮೆಯಲ್ಲಿ ಹೆಂಗಸರ ಪಾಲು ನೂರಕ್ಕೆ 53, ಗಂಡಸರದು 31, ಮಕ್ಕಳದು 16 ಎಂದು ಬಂತು. ನಮ್ಮ ಅಮ್ಮಂದಿರನ್ನು ಕೇಳಿದ್ದರೆ ಲೆಕ್ಕವಿಲ್ಲದೆಯೇ ಹೇಳುತ್ತಿದ್ದರು. ಆದರೆ ವಿಜ್ಞಾನಿಗಳು ಬರೆದಿಟ್ಟಿದ್ದಕ್ಕೆ ಬೆಲೆ ಬಂತು; ಅಷ್ಟಕ್ಕಾದರೂ ನಾವು ಋಣಿಗಳು.

ಅಲ್ಲಿಂದಲೇ 'ಅಸ್ತ್ರ ಒಲೆ' ಹೊರಟದ್ದು. ಅಳತೆ ತಪ್ಪದೆ ಕಟ್ಟಿದ ಅಸ್ತ್ರ ಒಲೆಯನ್ನು ನಾನು ಆಮೇಲೆ ನನ್ನ ಚಿಕ್ಕಮ್ಮನ ಮನೆಯಲ್ಲಿ ನೋಡಿದೆ. ಮೂರು ಪಾತ್ರೆ ಒಟ್ಟಿಗೆ ಕೂರುತ್ತಿದ್ದವು. ಸೌದೆಯ ಕೆಳಗೆ ಗಾಳಿಯಾಡಲು ಜಾಲರಿ, ಹೊಗೆ ಹೊರಹೋಗಲು ಕೊಳವೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಬಹುಪಾಲು ಗಾಳಿಗೆ ಹೋಗುತ್ತದೆ. ಇದರಲ್ಲಿ ಅದರ ಹಲವು ಪಟ್ಟು ಪಾತ್ರೆಗೆ ತಲಪುತ್ತಿತ್ತು. ಗುಟ್ಟು ಇದ್ದುದು ಅಂಗುಲಗಳಲ್ಲಿ. ಜಾಲರಿಯಿಂದ ಪಾತ್ರೆಯ ತಳಕ್ಕೆ ಎಷ್ಟು, ಒಂದು ಕಣ್ಣಿನಿಂದ ಇನ್ನೊಂದಕ್ಕೆ ಎಷ್ಟು ಎಂಬ ಅಂಗುಲಗಳು. ಅಂಗುಲ ತಪ್ಪಿಸಿದ ಮೇಸ್ತ್ರಿ ಒಲೆ ಕಟ್ಟಿದಂತಾಗಲಿಲ್ಲ, ಮಣ್ಣು ಗುಪ್ಪೆ ಹಾಕಿದಂತಾಯಿತು.

ಅದೇ ಪುರ ಗ್ರಾಮದಲ್ಲಿ ಇನ್ನೂ ಒಂದು ಪಾಠವಿದೆ. ಊರಿನ ಸಗಣಿಯನ್ನೆಲ್ಲ ಒಟ್ಟುಗೂಡಿಸಿ ಗೋಬರ್ ಗ್ಯಾಸ್ ಮಾಡಿ ಮನೆಮನೆಗೆ ಅಡಿಗೆಗೆ ಕೊಡಬೇಕೆಂಬುದು ಮೊದಲ ಯೋಜನೆ. ಒಳ್ಳೆಯ ಯೋಚನೆಯೇ. ಆದರೆ ಊರವರಿಗೆ ಅದರಲ್ಲಿ ಅಷ್ಟು ಆಸಕ್ತಿ ಮೂಡಲಿಲ್ಲ. ಸೌದೆ ಹೇಗೋ ಸಿಗುತ್ತಿತ್ತು. ಅವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ಶುದ್ಧ ನೀರು. ಹಟ ಹಿಡಿಯದೆ ವಿಜ್ಞಾನಿಗಳು ಯೋಜನೆಯನ್ನೇ ತಿರುಗಿಸಿದರು. 1987ರಲ್ಲಿ ಆ ಗ್ಯಾಸಿನಿಂದ ಎಂಜಿನ್ ಓಡಿಸಿ, ವಿದ್ಯುತ್ ತಯಾರಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ಹರಿಸಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಗೊಬ್ಬರ ವಾಪಸು. ಹಲವು ವರ್ಷ ಅದು ನಡೆಯಿತು. ಇಷ್ಟು ದೊಡ್ಡ ಸಂಸ್ಥೆಯವರು "ನಾವು ಕೊಟ್ಟದ್ದು ನಿಮಗೆ ಬೇಡವೇ? ಹಾಗಾದರೆ ನಿಮಗೆ ಬೇಕಾದ್ದೇನು?" ಎಂದು ಕೇಳಿ, ಉತ್ತರಕ್ಕೆ ತಕ್ಕಂತೆ ಬದಲಾದರು. ಗಂಡಂದಿರಲ್ಲಿ, ಅತ್ತೆಯರಲ್ಲಿ, ಇಲಾಖೆಗಳಲ್ಲಿ ಈ ಗುಣವನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ.

ಜೈಪುರದ ಕಾಲಿನ ಕಥೆಯೂ ಇಂಥದೇ. ಹೊರದೇಶದ ಮಾದರಿಯ ಕೃತಕ ಕಾಲುಗಳು ಬೂಟಿನೊಳಗೆ ಇಡಲು ಮಾಡಿದವು. ನಮ್ಮ ಜನ ಬೂಟು ಹಾಕಿ ಗದ್ದೆಗಿಳಿಯುತ್ತಾರೆಯೇ? ದೇವರ ಮನೆಗೆ ಹೋಗುತ್ತಾರೆಯೇ? ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣಬೇಕು, ಕುಕ್ಕರುಗಾಲಲ್ಲಿ ಕೂರಬೇಕು, ಕೆಸರಲ್ಲಿ ನಡೆಯಬೇಕು. ಹೆಚ್ಚು ಓದದ ಕುಶಲಕರ್ಮಿ ರಾಮಚಂದ್ರ ಶರ್ಮ, ಮೂಳೆ ವೈದ್ಯ ಪಿ.ಕೆ. ಸೇಥಿ ಇಬ್ಬರೂ ಸೇರಿ 1960ರ ದಶಕದ ಕೊನೆಯಲ್ಲಿ ರಬ್ಬರು, ಮರ ಬಳಸಿ ಬರಿಗಾಲಂತೆಯೇ ಕಾಣುವ, ಬಾಗುವ ಕಾಲು ಮಾಡಿದರು. ಅಗ್ಗವಾದ್ದರಿಂದ ಅದು ಗೆದ್ದಿತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಾಕಿಕೊಳ್ಳುವವನು ಹೇಗೆ ಕೂರುತ್ತಾನೆ, ಎಲ್ಲಿ ನಡೆಯುತ್ತಾನೆ ಎಂದು ನೋಡಿ ಮಾಡಿದ್ದರಿಂದ ಗೆದ್ದಿತು.

ಕೇಳದೆ ಮಾಡಿದ್ದರ ಗತಿ ನೋಡಬೇಕಾದರೆ ಆಫ್ರಿಕಕ್ಕೆ ಹೋಗಬೇಕು. ಮಕ್ಕಳು ಗಿರಗಿಟ್ಟಲೆಯಲ್ಲಿ ಕೂತು ತಿರುಗಿದರೆ ನೆಲದಡಿಯ ನೀರು ಮೇಲೆ ಬರುವ 'ಪ್ಲೇಪಂಪ್' ಎಂಬ ಸಾಧನ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿತು. ಆಟಕ್ಕೆ ಆಟ, ನೀರಿಗೆ ನೀರು! ಫೋಟೋದಲ್ಲಿ ನಗುವ ಮಕ್ಕಳನ್ನು ಕಂಡು ದೊಡ್ಡವರೆಲ್ಲ ಕರಗಿದರು. 2006ರಲ್ಲಿ ಅಮೆರಿಕದಲ್ಲಿ ಭಾರಿ ನೆರವು ಘೋಷಣೆಯಾಯಿತು. ಸಾವಿರಾರು ಪಂಪು ನೆಡುವ ಯೋಜನೆ. ಕೈಪಂಪಿನ ನಾಲ್ಕು ಪಟ್ಟು ಬೆಲೆ. ಕೆಲವು ಕಡೆ ಇದ್ದ ಕೈಪಂಪು ಕಿತ್ತು ಇದನ್ನು ಹಾಕಿದರು. ಆದರೆ ಮಕ್ಕಳು ಶಾಲೆಗೆ ಹೋದ ಮೇಲೆ? ಬೆಳಗಿನ ಜಾವ ನೀರು ಬೇಕಾದಾಗ? ದೊಡ್ಡ ಹೆಂಗಸರು, ಮುದುಕಿಯರು ಆ ಚಕ್ರವನ್ನು ತಳ್ಳುತ್ತ ಸುತ್ತಬೇಕಾಯಿತು. ಗಾಣದ ಎತ್ತಿನಂತೆ! ಹೇಳಿದಷ್ಟು ಜನರಿಗೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು 2009ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಲೆಕ್ಕ ಹಾಕಿತು. ದಿನಕ್ಕಿರುವುದು ಇಪ್ಪತ್ತನಾಲ್ಕೇ ಗಂಟೆ ಎಂಬುದು ನೀರು ಹೊರುವ ಯಾವ ಹೆಂಗಸಿಗೆ ಗೊತ್ತಿಲ್ಲ? ಅವಳೊಬ್ಬಳನ್ನು ಮೊದಲೇ ಕೇಳಿದ್ದರೆ ಅಷ್ಟು ಹಣ ಉಳಿಯುತ್ತಿತ್ತು.

ಇದಕ್ಕೆ ವಿರುದ್ಧವಾದ ಸಂಗತಿಯೊಂದು ಬಾಂಗ್ಲಾದೇಶದಿಂದ. ಕಾಲರಾ ರೋಗಾಣುಗಳು ಕೆರೆ ನೀರಿನ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳಿಗೆ ಅಂಟಿಕೊಂಡಿರುತ್ತವೆ ಎಂದು ಕಂಡುಹಿಡಿದ ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಅವರ ಸಂಗಡಿಗರು, ಆ ಹುಳುಗಳನ್ನು ಸೋಸಿದರೆ ಸಾಕಲ್ಲವೇ ಎಂದು ಯೋಚಿಸಿದರು. ಮಟ್ಲಬ್ ಎಂಬ ಪ್ರದೇಶದ ಹಳ್ಳಿಗಳ ಹೆಂಗಸರು ಹಳೆಯ ಹತ್ತಿ ಸೀರೆಯನ್ನು ಕನಿಷ್ಠ ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸಿದರು. ಕಾಲರಾ ನೂರಕ್ಕೆ 48ರಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟವಾಯಿತು. ಹೊಸ ಸೀರೆಗಿಂತ ಉಟ್ಟು ಒಗೆದ ಸೀರೆ ಮೇಲು. ಎಳೆ ಉಬ್ಬಿ ಸಂದು ಕಿರಿದಾಗಿರುತ್ತದೆ. ಸೀರೆ ಪ್ರತಿ ಮನೆಯಲ್ಲೂ ಇದೆ, ಮಡಿಸುವುದು ಹೆಂಗಸಿಗೆ ಗೊತ್ತು, ಒಗೆದು ಒಣಹಾಕುವುದೂ ಗೊತ್ತು. ನಮ್ಮ ಅಜ್ಜಿಯರೂ ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದರಲ್ಲ, ನಾವು ಅದನ್ನು ಮಡಿ ಮೈಲಿಗೆ ಎಂದು ನಕ್ಕೆವು. ಎಷ್ಟು ಮಡಿಕೆ ಬೇಕು ಎಂಬುದನ್ನು ಮಾತ್ರ ವಿಜ್ಞಾನ ಸೇರಿಸಿತು. ಹೆಂಗಸರ ಕೈಯಲ್ಲಿದ್ದುದಕ್ಕೆ ಮರ್ಯಾದೆ ಕೊಟ್ಟು ಸೇರಿಸಿತು.

ಇಲ್ಲಿಗೆ ಬಂದಾಗ ಇಬ್ಬರು ನನ್ನ ಜೊತೆ ವಾದಕ್ಕೆ ನಿಲ್ಲುತ್ತಾರೆ.

ಮೊದಲನೆಯವರು ಕ್ರಾಂತಿಯವರು. "ಪೊರಕೆಗೆ ಕೋಲು ಕಟ್ಟಿದರೆ ಬಡತನ ಹೋಗುತ್ತದೆಯೇ? ಸಮಾಜವೇ ಬದಲಾಗಬೇಕು" ಎನ್ನುತ್ತಾರೆ. ಬದಲಾಗಲಿ, ಯಾರು ಬೇಡವೆಂದರು? ಆದರೆ ಸಮಾಜ ಬದಲಾಗುವ ತನಕ ಆಕೆ ಬಗ್ಗಿಯೇ ಇರಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಈ ಮಾತು ಹೇಳುವವರು ಸಾಮಾನ್ಯವಾಗಿ ಕುರ್ಚಿಯಲ್ಲಿ ಕೂತಿರುತ್ತಾರೆ, ಕುರ್ಚಿಗೆ ಬೆನ್ನಾಸರೆಯೂ ಇರುತ್ತದೆ.

ಎರಡನೆಯವರು ಇನ್ನೂ ಅಪಾಯದವರು. ಅಗ್ಗದ ಸಾಧನ ಕೊಟ್ಟುಬಿಟ್ಟರೆ ಬಡವರ ವಿಷಯ ಮುಗಿಯಿತು ಎಂದು ನಂಬಿದವರು. ದಕ್ಷಿಣ ಆಫ್ರಿಕದಲ್ಲೇ 1991ರಲ್ಲಿ ರೂಪಿಸಿದ ಉರುಳುವ ನೀರಿನ ಪೀಪಾಯಿಯೊಂದಿದೆ, 'ಹಿಪ್ಪೊ ರೋಲರ್' ಎಂದು ಹೆಸರು. 90 ಲೀಟರ್ ನೀರು ತುಂಬಿ ಹಿಡಿ ಹಿಡಿದು ನೆಲದ ಮೇಲೆ ಉರುಳಿಸಿಕೊಂಡು ಹೋಗಬಹುದು. ತಲೆಯ ಮೇಲಿನ ಭಾರ ನೆಲಕ್ಕಿಳಿಯಿತು, ನಾಲ್ಕು ಸಲದ ನಡಿಗೆ ಒಂದಾಯಿತು. ನಾನು ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಪೀಪಾಯಿ ಕೊಟ್ಟೆವು, ಇನ್ನು ನಲ್ಲಿ ಏಕೆ ಎಂದು ಒಬ್ಬ ಅಧಿಕಾರಿ ಕೇಳಿದರೆ, ಆಗ ಆ ಪೀಪಾಯಿಯೇ ಅವಳ ಶತ್ರುವಾಗುತ್ತದೆ. ಸುಲಭ ಸಾಧನ ನಲ್ಲಿ ಬರುವ ತನಕದ ಆಸರೆ, ನಲ್ಲಿಯ ಬದಲಿ ಖಂಡಿತ ಆಗಬಾರದು. ಅನಿಲದ ವಿಷಯವೂ ಹಾಗೇ. 2016ರಲ್ಲಿ ಉಜ್ವಲ ಯೋಜನೆ ಶುರುವಾಗಿ ಬಡ ಹೆಂಗಸರ ಹೆಸರಿಗೇ ಸಂಪರ್ಕ ಬಂತು. ಹೆಂಗಸಿನ ಹೆಸರಿಗೆ ಬಂದದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಆದರೆ ಮೊದಲ ಸಿಲಿಂಡರ್ ಮುಗಿದ ಮೇಲೆ ಎರಡನೆಯದಕ್ಕೆ ಒಟ್ಟಿಗೆ ಹಣ ಹೊಂದಿಸಬೇಕಲ್ಲ? ದಿನಗೂಲಿಯವಳ ಕೈಗೆ ಹಣ ಬರುವುದು ದಿನದಿನ. ಹಾಗಾಗಿ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಅತಿಥಿಗಳಿಗೆ ಕಾಫಿ ಗ್ಯಾಸಿನಲ್ಲಿ, ಮುದ್ದೆ ಸೌದೆಯಲ್ಲಿ. ಅವಳ ಸಂಪಾದನೆ ಯಾವ ಅಳತೆಯಲ್ಲಿ ಬರುತ್ತದೋ ಆ ಅಳತೆಗೆ ಬೆಲೆ ಹೊಂದಬೇಕು. ಇದೂ ಮೊಣಕೈ ಎತ್ತರದ ಪ್ರಶ್ನೆಯೇ.

ಸಾಧನ ಕೊಟ್ಟ ಮೇಲೆ ಅದು ಕೆಟ್ಟರೆ ರಿಪೇರಿ ಯಾರ ಕೈಯಲ್ಲಿ ಎಂಬುದನ್ನೂ ಕೇಳಬೇಕು. ಕೈಪಂಪು ಹೊಡೆಯುವವಳು ಹೆಂಗಸು, ಕೆಟ್ಟರೆ ಮತ್ತೆ ಹಳೆಯ ಬಾವಿಗೆ ನಡೆಯುವವಳೂ ಅವಳೇ. ಆದರೆ ಸ್ಪ್ಯಾನರ್ ಇರುತ್ತಿದ್ದುದು ತಾಲ್ಲೂಕಿನ ಗಂಡಸು ಮೆಕ್ಯಾನಿಕ್‌ನ ಚೀಲದಲ್ಲಿ. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ 1990ರ ದಶಕದಲ್ಲಿ ಮಹಿಳಾ ಸಮಾಖ್ಯದ ಮೂಲಕ ಓದುಬರಹ ಬಾರದ ಹೆಂಗಸರೇ ಕೈಪಂಪು ರಿಪೇರಿ ಕಲಿತರು. ಸೀರೆ ಸೆರಗು ಬಿಗಿದು ಪಂಪು ಬಿಚ್ಚಿ ಜೋಡಿಸಿದರು. ಹೆಂಗಸರಿಗೆ ಯಂತ್ರ ತಿಳಿಯುವುದಿಲ್ಲ ಎಂಬುದೂ "ಅಭ್ಯಾಸವಾಗಿದೆ" ಎಂಬ ಮಾತಿನ ತಂಗಿಯೇ.

ಹೊಲದ ಕಡೆ ಒಮ್ಮೆ ಕಣ್ಣು ಹಾಯಿಸಿ. ಗಂಡಸು ಮಾಡುತ್ತಿದ್ದ ಉಳುಮೆಗೆ ಟ್ರಾಕ್ಟರ್ ಬಂತು. ಅದಕ್ಕೆ ಮೆತ್ತನೆ ಸೀಟು, ಮೇಲೆ ಬಿಸಿಲು ತಡೆಯಲು ಚಾವಣಿ, ಹಾಡು ಕೇಳಲು ಟೇಪು. ಹೆಂಗಸರು ಮಾಡುವ ಕಳೆ ಕೀಳುವ ಕೆಲಸಕ್ಕೆ ಬಹುಪಾಲು ಕಡೆ ಇಂದಿಗೂ ಕುರ್ಚಿಗೆಯೇ ಗತಿ, ಕುಕ್ಕರುಗಾಲೇ ಗತಿ. ನಿಂತು ಕಳೆ ತೆಗೆಯುವ ಉದ್ದ ಹಿಡಿಯ ಸಾಧನಗಳು ಇಲ್ಲದಿಲ್ಲ. ಕೊಳ್ಳುವ ಹಣ ಗಂಡಸಿನ ಜೇಬಿನಲ್ಲಿದೆ, ಬಗ್ಗುವ ಬೆನ್ನು ಹೆಂಗಸಿನದು. ಜೇಬಿಗೆ ಬೆನ್ನು ನೋವು ಬರುವುದಿಲ್ಲವಲ್ಲ!

ಇಷ್ಟೆಲ್ಲ ಬರೆದ ಮೇಲೆ ನನ್ನ ಕಡೆಗೇ ತಿರುಗಬೇಕು. ಇಲಾಖೆ, ವಿಜ್ಞಾನಿ, ಅಮೆರಿಕ ಎಂದೆಲ್ಲ ಬಯ್ಯುವುದು ಸುಲಭ. ನನ್ನ ಮನೆಯ ಹಿತ್ತಿಲಲ್ಲಿ ಏನಿತ್ತು? ಅಡಿಗೆಮನೆಯ ಕಟ್ಟೆಯನ್ನು ನನ್ನ ಮೊಣಕೈಗೆ ಅಳೆದು ಏರಿಸಿದ ನಾನು, ಪಾತ್ರೆ ತೊಳೆಯುವ ಜಾಗವನ್ನು ನೆಲದ ಮಟ್ಟದಲ್ಲೇ ಬಿಟ್ಟಿದ್ದೆ. ಒಂದಡಿ ಎತ್ತರದಲ್ಲಿ ನಲ್ಲಿ, ಕೆಳಗೆ ಪಾಚಿಗಟ್ಟಿದ ಕಲ್ಲು. ಆಕೆ ಅಲ್ಲಿ ಕುಕ್ಕರುಗಾಲಲ್ಲಿ ಕೂತು ದಿನಾ ಮುಕ್ಕಾಲು ಗಂಟೆ ತೊಳೆಯುತ್ತಿದ್ದಳು. ನೆಲ ಒರೆಸಲು ಹಿಡಿಯಿಲ್ಲದ ಬಟ್ಟೆ. ನಾನೇ ಒರೆಸಬೇಕಾಗಿ ಬಂದ ದಿನಗಳಿಗೆಂದು ಉದ್ದ ಕೋಲಿನ ಮಾಪು ತಂದು ಬಾಗಿಲ ಹಿಂದೆ ಇಟ್ಟಿದ್ದೆ. ಅದನ್ನು ಆಕೆ ಮುಟ್ಟಿದರೆ "ಬೇಗ ಹಾಳಾಗುತ್ತೆ" ಎನ್ನುತ್ತಿದ್ದೆ. ಹೌದು, ನಾನೇ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನರ ಬಾಗಿಲ ಹಿಂದೆ ಅಂಥದೊಂದು ಮಾಪು ಇದೆ ಎಂದು ನಾನು ಕೇಳುವುದಿಲ್ಲ, ನೀವೇ ಕೇಳಿಕೊಳ್ಳಿ.

ಆ ದಿನ ಪೊರಕೆಯ ಕೋಲು ಕಂಡು ನನಗೆ ಸಿಟ್ಟು ಬಂದದ್ದೇಕೆಂದು ಈಗ ಗೊತ್ತಾಗಿದೆ. ಕಸದ ಚಿಂತೆ ನೆಪ. ಬಗ್ಗಿ ಕೆಲಸ ಮಾಡುವವಳು ನೆಟ್ಟಗೆ ನಿಂತುಬಿಟ್ಟಳು, ನನ್ನ ಕಣ್ಣಿನ ಮಟ್ಟಕ್ಕೆ ಅವಳ ಕಣ್ಣು ಬಂತು. ನಮ್ಮ ಮನೆಗಳಲ್ಲಿ ಪೊರಕೆ ಇಷ್ಟು ವರ್ಷ ಗಿಡ್ಡವಾಗಿಯೇ ಉಳಿದದ್ದು ಬಿದಿರು ಸಿಗದೆ ಅಲ್ಲ. ಬೀದಿ ಗುಡಿಸುವವರ ಪೊರಕೆಗೆ ಉದ್ದ ಕೋಲಿರುವುದನ್ನು ನಾವು ದಿನಾ ಕಿಟಕಿಯಿಂದ ನೋಡುತ್ತಿದ್ದೆವು. ಹೊಸ್ತಿಲೊಳಗೆ ಅದನ್ನು ಬಿಟ್ಟುಕೊಳ್ಳಲು ನಮಗೆ ಮನಸ್ಸಿರಲಿಲ್ಲ.

ಮುಂದಿನ ವಾರ ಗಾರೆ ಕೆಲಸದವನನ್ನು ಕರೆಸಿದೆ. ಪಾತ್ರೆ ತೊಳೆಯಲು ಕಟ್ಟೆ ಕಟ್ಟಬೇಕು, ನಲ್ಲಿಯನ್ನು ಮೇಲೇರಿಸಬೇಕು ಎಂದೆ. ಅವನು ಟೇಪು ಬಿಚ್ಚಿ ಅಭ್ಯಾಸಬಲದಿಂದ ನನ್ನ ಮುಂದೆ ಬಂದು ನಿಂತ. "ನನ್ನನ್ನಲ್ಲಪ್ಪ, ಅವಳನ್ನು ಅಳೆ" ಎಂದೆ. ಆಕೆ ಸೀರೆಗೆ ಕೈ ಒರೆಸಿಕೊಂಡು, ನಾಚಿಕೊಂಡು, ಬಂದು ನಿಂತಳು. ಮೊಣಕೈ ಮಡಿಸಿದಳು. ನನಗಿಂತ ನಾಲ್ಕಂಗುಲ ಗಿಡ್ಡ. ನನ್ನ ಅಳತೆಗೆ ಕಟ್ಟಿದ್ದರೆ ಅವಳ ಭುಜ ನೋಯುತ್ತಿತ್ತು. ಅವನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಆಮೇಲೆ ನಲ್ಲಿಯನ್ನು ಬಲಗಡೆ ಇಡುತ್ತೇನೆ ಎಂದಾಗ, ಅಲ್ಲಿಯವರೆಗೆ ಸುಮ್ಮನಿದ್ದವಳು, "ಎಡಗಡೆ ಇಡಣ್ಣ. ನಾನು ಎಡಚಿ" ಎಂದಳು.

ಹನ್ನೊಂದು ವರ್ಷದಿಂದ ಆಕೆ ನಮ್ಮ ಮನೆಗೆ ಬರುತ್ತಿದ್ದಾಳೆ. ಅವಳ ಮಗಳ ಮದುವೆಗೆ ನಾನು ಸೀರೆ ಕೊಟ್ಟಿದ್ದೇನೆ, ಗಂಡನ ಆಸ್ಪತ್ರೆಯ ಖರ್ಚಿಗೆ ಹಣ ಕೊಟ್ಟಿದ್ದೇನೆ, ಹಬ್ಬಕ್ಕೆ ಒಬ್ಬಟ್ಟು ಕಟ್ಟಿಕೊಟ್ಟಿದ್ದೇನೆ. ಅವಳು ಯಾವ ಕೈಯಲ್ಲಿ ಕೆಲಸ ಮಾಡುತ್ತಾಳೆಂದು ಮಾತ್ರ ನೋಡಿರಲಿಲ್ಲ.

ಕಟ್ಟೆಗೆ ಇಟ್ಟಿಗೆ, ಸಿಮೆಂಟು, ಕೂಲಿ ಎಲ್ಲ ಸೇರಿ ಆದ ಖರ್ಚು ನಮ್ಮ ಅಡಿಗೆಮನೆಯ ಒಂದು ಕಪಾಟಿನ ಬಾಗಿಲಿಗಿಂತ ಕಡಿಮೆ. ನಿಮ್ಮ ಮನೆಯಲ್ಲೂ ಇದೇ ಭಾನುವಾರ ಒಂದು ಟೇಪು ಹುಡುಕಿ. ಕೋಲು ಎಷ್ಟುದ್ದ ಬೇಕು, ನಲ್ಲಿ ಎಷ್ಟೆತ್ತರ ಬೇಕು, ಯಾವ ಕಡೆ ಬೇಕು ಎಂದು ಆಕೆಯನ್ನೇ ಕೇಳಿ. ಮೊದಲ ದಿನ "ಏನೂ ಬೇಡ ಅಮ್ಮ, ಅಭ್ಯಾಸವಾಗಿದೆ" ಎಂದೇ ಹೇಳುತ್ತಾಳೆ. ಆ ಮಾತನ್ನು ಅವಳು ಕಲಿತದ್ದು ನಮ್ಮಿಂದಲೇ. ಎರಡನೇ ದಿನವೂ ಕೇಳಿ.